ಚಿಕಿತ್ಸಾ ಪ್ರಯೋಗಗಳಲ್ಲಿ ಮಕ್ಕಳ ಸೇರ್ಪಡೆ: ಪೋಷಕರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಹೊಸ ಔಷಧ, ಲಸಿಕೆ ಅಥವಾ ಚಿಕಿತ್ಸಾ ವಿಧಾನವು ಸುರಕ್ಷಿತವೇ ಮತ್ತು ಪರಿಣಾಮಕಾರಿಯೇ ಎಂಬುದನ್ನು ಮನುಷ್ಯರಲ್ಲಿ ನಿಗದಿತ ಕ್ರಮದಂತೆ ಪರೀಕ್ಷಿಸುವ ಅಧ್ಯಯನವನ್ನು ಚಿಕಿತ್ಸಾ ಪ್ರಯೋಗ ಅಥವಾ ಕ್ಲಿನಿಕಲ್ ಟ್ರಯಲ್ ಎಂದು ಕರೆಯಲಾಗುತ್ತದೆ. ವೈದ್ಯಕೀಯ ಕಾಲೇಜುಗಳು, ಮಕ್ಕಳ ಆಸ್ಪತ್ರೆಗಳು ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಇಂತಹ ಅಧ್ಯಯನಗಳು ನಡೆಯುತ್ತವೆ. 18 ವರ್ಷದೊಳಗಿನ ಮಗುವನ್ನು ಇದಕ್ಕೆ ಸೇರಿಸಿಕೊಳ್ಳಬೇಕಾದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯವಾಗಿರುತ್ತದೆ.

ಆಸ್ಪತ್ರೆಗೆ ಮಗುವನ್ನು ದಾಖಲಿಸುವ ಸಂದರ್ಭದಲ್ಲಿ ಪೋಷಕರು ಹಲವು ಕಾಗದಗಳಿಗೆ ಸಹಿ ಮಾಡಬೇಕಾಗುತ್ತದೆ. ದಾಖಲಾತಿ ನಮೂನೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ, ವಿಮಾ ಯೋಜನೆಯ ಅರ್ಜಿ ಇವುಗಳ ನಡುವೆ ಅಧ್ಯಯನದ ಒಪ್ಪಿಗೆ ಪತ್ರವೂ ಬಂದಲ್ಲಿ, ಅದೂ ಚಿಕಿತ್ಸೆಗೆ ಅಗತ್ಯವಾದ ಒಂದು ಕಾಗದವೆಂದು ಭಾವಿಸಿ ಸಹಿ ಮಾಡುವ ಸಂಭವವಿರುತ್ತದೆ. ಅಧ್ಯಯನದ ಒಪ್ಪಿಗೆ ಪತ್ರವು ಉಳಿದವುಗಳಿಗಿಂತ ಭಿನ್ನವಾದುದು. ಅದಕ್ಕೆ ಸಹಿ ಮಾಡದಿದ್ದರೂ ಮಗುವಿನ ವಾಡಿಕೆಯ ಚಿಕಿತ್ಸೆ ಮುಂದುವರಿಯತಕ್ಕದ್ದು. ಈ ಅಂಶವನ್ನು ಪ್ರತಿಯೊಬ್ಬ ಪೋಷಕರೂ ಮೊದಲು ಮನಗಾಣುವುದು ಅವಶ್ಯಕ.

2. ಚಿಕಿತ್ಸೆ ಮತ್ತು ಅಧ್ಯಯನಗಳ ನಡುವಿನ ವ್ಯತ್ಯಾಸ

ಚಿಕಿತ್ಸೆಯ ಉದ್ದೇಶ ಎದುರಿಗಿರುವ ಮಗುವಿನ ಆರೋಗ್ಯ. ಅಧ್ಯಯನದ ಉದ್ದೇಶ ಮುಂದೆ ಅನೇಕ ಮಕ್ಕಳಿಗೆ ಉಪಯುಕ್ತವಾಗಬಹುದಾದ ಜ್ಞಾನವನ್ನು ಪಡೆಯುವುದು. ಅಧ್ಯಯನಕ್ಕೆ ಸೇರಿದ ಮಗುವಿಗೆ ಅದರಿಂದ ಲಾಭವಾಗಬಹುದು, ಆಗದೆಯೂ ಇರಬಹುದು. ಹೊಸ ಔಷಧವು ಹಳೆಯದಕ್ಕಿಂತ ಉತ್ತಮವೆಂದು ಮೊದಲೇ ತಿಳಿದಿದ್ದಲ್ಲಿ ಅಧ್ಯಯನದ ಅಗತ್ಯವೇ ಇರುತ್ತಿರಲಿಲ್ಲ.

ಅನೇಕ ಅಧ್ಯಯನಗಳಲ್ಲಿ ಮಕ್ಕಳನ್ನು ಎರಡು ಅಥವಾ ಹೆಚ್ಚಿನ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಯಾವ ಮಗು ಯಾವ ಗುಂಪಿಗೆ ಎಂಬುದು ಚೀಟಿ ಎತ್ತುವ ರೀತಿಯಲ್ಲಿ ನಿರ್ಧಾರವಾಗುತ್ತದೆ. ಅದನ್ನು ವೈದ್ಯರಾಗಲಿ ಪೋಷಕರಾಗಲಿ ಆಯ್ಕೆ ಮಾಡುವಂತಿಲ್ಲ. ಒಂದು ಗುಂಪಿಗೆ ಔಷಧಾಂಶವಿಲ್ಲದ, ನೋಡಲು ಮಾತ್ರ ಔಷಧದಂತಿರುವ ಪ್ಲಸೀಬೊ ಕೊಡುವ ಅಧ್ಯಯನಗಳೂ ಇವೆ. ಅಂತಹ ಅಧ್ಯಯನದಲ್ಲಿ, ಪ್ಲಸೀಬೊದಿಂದ ಚಿಕಿತ್ಸಾ ಪರಿಣಾಮ ಇರುವುದಿಲ್ಲವೆಂಬ ಹೇಳಿಕೆಯನ್ನು ಮಾಹಿತಿ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕೆಂದು ನಿಯಮವಿದೆ.

3. ಮಕ್ಕಳಲ್ಲಿ ಪ್ರತ್ಯೇಕ ಅಧ್ಯಯನ ಏಕೆ ಅವಶ್ಯಕ

ಮಗುವು ವಯಸ್ಕರ ಚಿಕ್ಕ ರೂಪವಲ್ಲ. ಅದರ ಯಕೃತ್ತು ಮತ್ತು ಮೂತ್ರಪಿಂಡಗಳು ಔಷಧವನ್ನು ಸಂಸ್ಕರಿಸುವ ರೀತಿಯೇ ಬೇರೆ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕವನ್ನು ನವಜಾತ ಶಿಶುಗಳಿಗೆ ಅಧಿಕ ಪ್ರಮಾಣದಲ್ಲಿ ನೀಡಲಾಗುತ್ತಿತ್ತು. ಶಿಶುಗಳ ಯಕೃತ್ತಿಗೆ ಅದನ್ನು ಸಂಸ್ಕರಿಸುವ ಶಕ್ತಿ ಬಂದಿರದ ಕಾರಣ ಮೈ ಬೂದುಬಣ್ಣಕ್ಕೆ ತಿರುಗಿ ಅನೇಕ ಶಿಶುಗಳು ಮೃತಪಟ್ಟವು. ಇದರ ಕಾರಣ 1959ರ ವೇಳೆಗೆ ಸ್ಪಷ್ಟವಾಯಿತು. ಮಕ್ಕಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸದೆ ಔಷಧ ನೀಡುವುದೇ ದೊಡ್ಡ ಅಪಾಯವೆಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಅಧ್ಯಯನದಿಂದ ಆಗುವ ಪ್ರಯೋಜನಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಶಿಶುಗಳಲ್ಲಿ ತೀವ್ರ ಅತಿಸಾರವನ್ನು ಉಂಟುಮಾಡುವ ರೋಟಾವೈರಸ್ ವಿರುದ್ಧ ಭಾರತದಲ್ಲಿ ತಯಾರಾದ ಲಸಿಕೆಯನ್ನು ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ 6,799 ಶಿಶುಗಳಲ್ಲಿ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೀವನದ ಮೊದಲ ವರ್ಷದಲ್ಲಿ ಈ ವೈರಾಣುವಿನಿಂದಾಗುವ ತೀವ್ರ ಅತಿಸಾರವನ್ನು ಲಸಿಕೆಯು ಶೇಕಡ 56ರಷ್ಟು ತಗ್ಗಿಸಿತು. ರೋಟಾವೈರಸ್ ಲಸಿಕೆಯನ್ನು 2016ರಲ್ಲಿ ನಾಲ್ಕು ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿ, ಅನಂತರ ಕರ್ನಾಟಕವೂ ಸೇರಿದಂತೆ ಇತರ ರಾಜ್ಯಗಳಿಗೆ ವಿಸ್ತರಿಸಲಾಯಿತು. ಇಂದು ಅಂಗನವಾಡಿ ಕೇಂದ್ರಗಳಲ್ಲಿಯೂ ಉಚಿತವಾಗಿ ದೊರೆಯುವ ಈ ರಕ್ಷಣೆಯ ಹಿಂದೆ ಆ ಶಿಶುಗಳ ಪೋಷಕರು ನೀಡಿದ ಒಪ್ಪಿಗೆ ಇದೆ.

ಆದಕಾರಣ ಅಧ್ಯಯನಗಳನ್ನು ಸಂಶಯದಿಂದಲೇ ಕಾಣಬೇಕಾಗಿಲ್ಲ. ಆದರೆ ಒಪ್ಪಿಗೆಯು ತಿಳಿದು ನೀಡಿದ ಒಪ್ಪಿಗೆಯಾಗಿರಬೇಕು.

4. ಅನ್ವಯವಾಗುವ ನಿಯಮಗಳು

(ಅ) ಹೊಸ ಔಷಧ ಮತ್ತು ಲಸಿಕೆಗಳ ಪ್ರಯೋಗಗಳು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದಡಿ ರಚಿಸಲಾದ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು, 2019ಕ್ಕೆ ಒಳಪಡುತ್ತವೆ. ಇವುಗಳಿಗೆ ಅನುಮತಿ ನೀಡುವ ಪ್ರಾಧಿಕಾರಿ ಭಾರತದ ಔಷಧ ಮಹಾನಿಯಂತ್ರಕರು.

(ಆ) ಎಲ್ಲ ಬಗೆಯ ಸಂಶೋಧನೆಗಳಿಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಅನ್ವಯಿಸುತ್ತವೆ. ಮಕ್ಕಳನ್ನು ಒಳಗೊಂಡ ಸಂಶೋಧನೆಗೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನು ಮಂಡಳಿಯು ಅದೇ ವರ್ಷ ಹೊರಡಿಸಿದೆ.

(ಇ) ಯಾವುದೇ ಅಧ್ಯಯನವನ್ನು ಪ್ರಾರಂಭಿಸುವ ಮುನ್ನ ನೋಂದಾಯಿತ ನೈತಿಕ ಸಮಿತಿಯ ಅನುಮೋದನೆ ಪಡೆಯತಕ್ಕದ್ದು. ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಕಾನೂನು ತಜ್ಞರು, ವೈದ್ಯರಲ್ಲದ ಜನಸಾಮಾನ್ಯರ ಪ್ರತಿನಿಧಿ ಹಾಗೂ ಕನಿಷ್ಠ ಒಬ್ಬ ಮಹಿಳೆ ಇರುವುದು ಕಡ್ಡಾಯ. ಮಕ್ಕಳ ಅಧ್ಯಯನವನ್ನು ಪರಿಶೀಲಿಸುವ ಸಮಿತಿಯು ಮಕ್ಕಳ ವೈದ್ಯಕೀಯ ಹಾಗೂ ಮಾನಸಿಕ-ಸಾಮಾಜಿಕ ವಿಷಯಗಳನ್ನು ಬಲ್ಲ ಸದಸ್ಯರನ್ನು ಹೊಂದಿರಬೇಕು.

(ಈ) ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ಪ್ರಯೋಗವನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ, ಅಂದರೆ ಸಿ.ಟಿ.ಆರ್.ಐ.ನಲ್ಲಿ ನೋಂದಾಯಿಸತಕ್ಕದ್ದು. 2007ರಲ್ಲಿ ಪ್ರಾರಂಭವಾದ ಈ ನೋಂದಣಿಯನ್ನು 2009ರ ಜೂನ್ 15ರಿಂದ ಕಡ್ಡಾಯಗೊಳಿಸಲಾಗಿದೆ. ಇದರ ಜಾಲತಾಣವನ್ನು ಸಾರ್ವಜನಿಕರು ಯಾವುದೇ ಶುಲ್ಕವಿಲ್ಲದೆ ವೀಕ್ಷಿಸಬಹುದು.

5. ಸೇರ್ಪಡೆಯ ಹಂತಗಳು

ಚಿಕಿತ್ಸಾ ಪ್ರಯೋಗಕ್ಕೆ ಸೇರುವುದು ಸರ್ಕಾರಿ ಯೋಜನೆಯೊಂದರ ಫಲಾನುಭವಿಯಾಗುವುದಲ್ಲ. ಇದಕ್ಕೆ ಅರ್ಜಿ ಶುಲ್ಕವಾಗಲಿ, ಜಾತಿ ಅಥವಾ ಆದಾಯ ಪ್ರಮಾಣಪತ್ರವಾಗಲಿ ಬೇಕಾಗಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡುವ ಪ್ರಮೇಯವೂ ಇಲ್ಲ. ಸಾಮಾನ್ಯವಾಗಿ ಅನುಸರಿಸುವ ಹಂತಗಳು ಈ ಕೆಳಕಂಡಂತಿವೆ:

(1) ಮಗುವಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರು ಅಥವಾ ಅಧ್ಯಯನದ ಸಂಶೋಧಕರು ಪೋಷಕರಿಗೆ ಅಧ್ಯಯನದ ವಿಷಯ ತಿಳಿಸುತ್ತಾರೆ. ಪೋಷಕರು ಸಿ.ಟಿ.ಆರ್.ಐ.ನಲ್ಲಿ ಕಾಯಿಲೆಯ ಹೆಸರಿನಿಂದ ಹುಡುಕಿ, ಸೇರ್ಪಡೆ ನಡೆಯುತ್ತಿರುವ ಅಧ್ಯಯನದ ಸಂಶೋಧಕರನ್ನು ತಾವೇ ಸಂಪರ್ಕಿಸಲೂಬಹುದು. ವಿರಳ ಕಾಯಿಲೆಯ ಮಕ್ಕಳ ಪೋಷಕರಿಗೆ ಇದು ವಿಶೇಷವಾಗಿ ಉಪಯುಕ್ತ.

(2) ಮಾಹಿತಿ ಪತ್ರವನ್ನು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ನೀಡಿ, ಬಾಯಿಮಾತಿನಲ್ಲಿಯೂ ವಿವರಿಸಬೇಕು. ಕನ್ನಡ ಮಾತ್ರ ಬಲ್ಲವರಿಗೆ ಕನ್ನಡದ ಪತ್ರವನ್ನೇ ನೀಡಬೇಕು. ಇಂಗ್ಲಿಷ್ ಪತ್ರಕ್ಕೆ ಸಹಿ ಪಡೆದು ಸಾರಾಂಶ ಹೇಳಿದರೆ ಸಾಲದು.

(3) ಯೋಚಿಸಲು, ಮನೆಯವರೊಡನೆ ಅಥವಾ ಬೇರೆ ವೈದ್ಯರೊಡನೆ ಸಮಾಲೋಚಿಸಲು ಕಾಲಾವಕಾಶ ನೀಡಬೇಕು.

(4) ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ದಿನಾಂಕ ನಮೂದಿಸಬೇಕು. ಓದಲು ಬಾರದವರಿದ್ದಲ್ಲಿ, ಅಧ್ಯಯನಕ್ಕೆ ಸಂಬಂಧಪಡದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ವಿವರಣೆಯ ಪ್ರಾರಂಭದಿಂದ ಕೊನೆಯವರೆಗೂ ಹಾಜರಿದ್ದು ಸಹಿ ಮಾಡತಕ್ಕದ್ದು.

(5) ಮಾಹಿತಿ ಪತ್ರದ ಪ್ರತಿಯನ್ನೂ ಸಹಿಯಾದ ಒಪ್ಪಿಗೆ ಪತ್ರದ ಪ್ರತಿಯನ್ನೂ ಪೋಷಕರಿಗೆ ನೀಡಬೇಕು.

(6) ಅನಂತರ ಮಗುವು ಅಧ್ಯಯನದ ಅರ್ಹತಾ ಷರತ್ತುಗಳನ್ನು ಪೂರೈಸುತ್ತದೆಯೇ ಎಂದು ಪರೀಕ್ಷಿಸಲಾಗುತ್ತದೆ. ಪೂರೈಸದಿದ್ದಲ್ಲಿ ಸೇರ್ಪಡೆ ಆಗುವುದಿಲ್ಲ. ಇದು ಮಗುವಿನ ಚಿಕಿತ್ಸೆಯ ನಿರಾಕರಣೆಯಲ್ಲ.

ಮಕ್ಕಳನ್ನು ದುರ್ಬಲ ವರ್ಗದವರೆಂದು ಪರಿಗಣಿಸಲಾಗಿರುವುದರಿಂದ, ಹಿಂದೆ ಬಳಕೆಯಲ್ಲಿರದ ಹೊಸ ರಾಸಾಯನಿಕ ಅಥವಾ ಅಣುವಿನ ಪ್ರಯೋಗದಲ್ಲಿ ಒಪ್ಪಿಗೆಯ ಪ್ರಕ್ರಿಯೆಯನ್ನು ದೃಶ್ಯ-ಶ್ರವ್ಯ ಮಾಧ್ಯಮದಲ್ಲಿ ದಾಖಲಿಸಬೇಕು. ಎಚ್.ಐ.ವಿ. ಮತ್ತು ಕುಷ್ಠರೋಗದ ಔಷಧಗಳ ಪ್ರಯೋಗದಲ್ಲಿ ಧ್ವನಿಮುದ್ರಣ ಮಾತ್ರ ಸಾಕು. ಕ್ಯಾಮೆರಾ ಇಟ್ಟಿರುವುದನ್ನು ಕಂಡು ಪೋಷಕರು ಗಾಬರಿಪಡಬೇಕಾಗಿಲ್ಲ. ಅದು ಅವರ ರಕ್ಷಣೆಗಾಗಿಯೇ ಇರುವ ವ್ಯವಸ್ಥೆ.

6. ಒಪ್ಪಿಗೆ ನೀಡಲು ಯಾರು ಅರ್ಹರು

ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರು ಮಾತ್ರ ಒಪ್ಪಿಗೆ ನೀಡಲು ಅರ್ಹರು. ಅಪಾಯವು ಅತ್ಯಲ್ಪವಾಗಿದ್ದಲ್ಲಿ ಅಥವಾ ಮಗುವಿಗೆ ನೇರ ಪ್ರಯೋಜನದ ನಿರೀಕ್ಷೆಯಿದ್ದಲ್ಲಿ ಸಾಮಾನ್ಯವಾಗಿ ಒಬ್ಬ ಪೋಷಕರ ಒಪ್ಪಿಗೆ ಸಾಕಾಗುತ್ತದೆ. ಅಪಾಯವು ಅದಕ್ಕಿಂತ ಹೆಚ್ಚಿದ್ದು ಮಗುವಿಗೆ ನೇರ ಪ್ರಯೋಜನವಿಲ್ಲದಿದ್ದಲ್ಲಿ ತಂದೆ ಮತ್ತು ತಾಯಿ ಇಬ್ಬರ ಒಪ್ಪಿಗೆಯೂ ಬೇಕಾಗಬಹುದು.

ಶಾಲೆಯ ಮುಖ್ಯೋಪಾಧ್ಯಾಯರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಅಥವಾ ಗ್ರಾಮದ ಮುಖಂಡರ ಸಹಿಯು ಪೋಷಕರ ಸಹಿಗೆ ಬದಲಿಯಾಗಲಾರದು. ಈ ವಿಷಯದಲ್ಲಿ ಹಿಂದೆ ನಡೆದ ಒಂದು ಪ್ರಕರಣ ಗಮನಾರ್ಹ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಹಾಗೂ ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಸಾವಿರಾರು ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಅಧ್ಯಯನ ಯೋಜನೆಯೊಂದರಡಿ ನೀಡಲಾಯಿತು. ಖಮ್ಮಂನ ವಿದ್ಯಾರ್ಥಿನಿಲಯಗಳಲ್ಲಿದ್ದ ಅನೇಕ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಪೋಷಕರ ಬದಲಾಗಿ ಮೇಲ್ವಿಚಾರಕರೇ ಸಹಿ ಮಾಡಿದ್ದುದು ಬೆಳಕಿಗೆ ಬಂದಿತು. 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಅವಧಿಯಲ್ಲಿ ಸಂಭವಿಸಿದ ಬಾಲಕಿಯರ ಮರಣಗಳಿಗೆ ಲಸಿಕೆಯು ಕಾರಣವಾಗಿರುವ ಸಾಧ್ಯತೆ ಇಲ್ಲವೆಂದು ತನಿಖಾ ಸಮಿತಿಯು ಅಭಿಪ್ರಾಯಪಟ್ಟಿತು. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸ್ಥಾಯಿ ಸಮಿತಿಯು 2013ರ ಆಗಸ್ಟ್‌ನಲ್ಲಿ ಮಂಡಿಸಿದ ತನ್ನ 72ನೇ ವರದಿಯಲ್ಲಿ ತೀವ್ರವಾಗಿ ಟೀಕಿಸಿತು. ಉತ್ತಮ ಲಸಿಕೆಯೇ ಆಗಿದ್ದರೂ ಪೋಷಕರಿಗೆ ತಿಳಿಸದೆ ನೀಡುವಂತಿಲ್ಲ ಎಂಬುದು ಈ ಪ್ರಕರಣದ ಪಾಠ.

ಮಕ್ಕಳನ್ನು ವಸತಿ ಶಾಲೆ ಅಥವಾ ವಿದ್ಯಾರ್ಥಿನಿಲಯಗಳಲ್ಲಿ ಬಿಟ್ಟಿರುವ ಪೋಷಕರು ಇದನ್ನು ನೆನಪಿನಲ್ಲಿಡುವುದು ಸೂಕ್ತ.

7. ಮಗುವಿನ ಸಮ್ಮತಿ

ಪೋಷಕರ ಒಪ್ಪಿಗೆಯ ಜೊತೆಗೆ, ತಿಳಿವಳಿಕೆಯಿರುವ ಮಗುವಿನ ಸಮ್ಮತಿಯನ್ನೂ ಪಡೆಯಬೇಕು. ಮಂಡಳಿಯ ಮಾರ್ಗಸೂಚಿಯಂತೆ ವಯೋಮಿತಿ ಹೀಗಿದೆ:

– 7 ವರ್ಷದೊಳಗಿನ ಮಗು: ಪೋಷಕರ ಒಪ್ಪಿಗೆ ಮಾತ್ರ.
– 7ರಿಂದ 12 ವರ್ಷ: ಪೋಷಕರ ಸಮ್ಮುಖದಲ್ಲಿ ಮಗುವಿನ ಮೌಖಿಕ ಸಮ್ಮತಿ ಪಡೆದು ದಾಖಲಿಸಬೇಕು.
– 12ರಿಂದ 18 ವರ್ಷ: ಮಗುವಿಗೆಂದೇ ಸರಳ ಭಾಷೆಯಲ್ಲಿ ಸಿದ್ಧಪಡಿಸಿದ ಪ್ರತ್ಯೇಕ ಪತ್ರದಲ್ಲಿ ಮಗುವಿನ ಲಿಖಿತ ಸಮ್ಮತಿ.

ಎಷ್ಟು ಬಾರಿ ಸೂಜಿ ಚುಚ್ಚುತ್ತಾರೆ, ಶಾಲೆ ಎಷ್ಟು ದಿನ ತಪ್ಪುತ್ತದೆ, ಅಮ್ಮ ಜೊತೆಯಲ್ಲಿರುತ್ತಾರೆಯೇ ಎಂಬಂತಹ ಪ್ರಶ್ನೆಗಳನ್ನು ಮಗು ಕೇಳಬಹುದು. ಅವುಗಳಿಗೆ ಸತ್ಯವಾದ ಉತ್ತರ ನೀಡಬೇಕು. ನೋವಾಗುವಲ್ಲಿ ನೋವಾಗುವುದಿಲ್ಲವೆಂದು ಹೇಳಿ ಪಡೆದ ಸಮ್ಮತಿಯು ಸಮ್ಮತಿಯಲ್ಲ.

ಮಗುವು ಬೇಡವೆಂದಲ್ಲಿ ಅದನ್ನು ಗೌರವಿಸಬೇಕು. ಇದಕ್ಕೆ ಒಂದು ವಿನಾಯಿತಿ ಇದೆ. ಜೀವಕ್ಕೆ ಅಪಾಯವಿರುವ ಗಂಭೀರ ಕಾಯಿಲೆಯಲ್ಲಿ, ಅಧ್ಯಯನದಿಂದ ಹೊರಬಂದರೆ ಮಗುವಿಗೆ ಹಾನಿಯಾಗುವುದೆಂದು ಸಂಶೋಧಕರೂ ಪೋಷಕರೂ ಭಾವಿಸಿದಲ್ಲಿ ಪೋಷಕರ ಒಪ್ಪಿಗೆಯ ಮೇಲೆ ಮುಂದುವರಿಸಬಹುದು. ಅಧ್ಯಯನದ ಅವಧಿಯಲ್ಲಿ ಮಗುವಿಗೆ 18 ವರ್ಷ ತುಂಬಿದಲ್ಲಿ, ಆ ವ್ಯಕ್ತಿಯಿಂದಲೇ ಹೊಸದಾಗಿ ಒಪ್ಪಿಗೆ ಪಡೆಯತಕ್ಕದ್ದು.

8. ವೆಚ್ಚ ಮತ್ತು ಭತ್ಯೆ

ಪರೀಕ್ಷಾರ್ಥ ಔಷಧ ಹಾಗೂ ಅಧ್ಯಯನಕ್ಕಾಗಿಯೇ ಮಾಡುವ ಪರೀಕ್ಷೆಗಳ ವೆಚ್ಚವನ್ನು ಪೋಷಕರಿಂದ ವಸೂಲು ಮಾಡುವಂತಿಲ್ಲ. ಪ್ರಯಾಣ ವೆಚ್ಚ ಮತ್ತು ಕಳೆದುಕೊಂಡ ಕೂಲಿಯನ್ನು ಭರಿಸಿಕೊಡಬಹುದು. ಆದರೆ ಮಗುವನ್ನು ಸೇರಿಸಿದ್ದಕ್ಕಾಗಿ ಪೋಷಕರಿಗೆ ಪ್ರತಿಫಲ ನೀಡುವುದು ಅಥವಾ ಹಣದ ಆಮಿಷ ಒಡ್ಡುವುದು ನಿಷಿದ್ಧ. ಬಡತನದ ಕಾರಣದಿಂದ ಮಗುವನ್ನು ಅಪಾಯಕ್ಕೆ ಒಡ್ಡುವ ಪರಿಸ್ಥಿತಿ ಬರಬಾರದೆಂಬುದು ಇದರ ಉದ್ದೇಶ.

9. ತೊಂದರೆಯಾದಲ್ಲಿ ಚಿಕಿತ್ಸೆ ಮತ್ತು ಪರಿಹಾರ

ಹೊಸ ಔಷಧದ ಪ್ರಯೋಗದ ಅವಧಿಯಲ್ಲಿ ಮಗುವಿಗೆ ಹಾನಿಯಾದಲ್ಲಿ, ಅಗತ್ಯವಿರುವವರೆಗೆ ಅಥವಾ ಹಾನಿಯು ಪ್ರಯೋಗಕ್ಕೆ ಸಂಬಂಧಿಸಿದ್ದಲ್ಲವೆಂದು ಸಾಬೀತಾಗುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಉಚಿತ ವೈದ್ಯಕೀಯ ಆರೈಕೆ ನೀಡತಕ್ಕದ್ದು. ಹಾನಿಯು ಪ್ರಯೋಗಕ್ಕೆ ಸಂಬಂಧಿಸಿದ್ದೆಂದು ನಿರ್ಣಯವಾದಲ್ಲಿ ಪ್ರಾಯೋಜಕರು ಆರ್ಥಿಕ ಪರಿಹಾರವನ್ನೂ ನೀಡಬೇಕು. ಔಷಧದ ಅಡ್ಡಪರಿಣಾಮ ಮಾತ್ರವಲ್ಲದೆ, ಸಂಶೋಧಕರ ನಿರ್ಲಕ್ಷ್ಯ, ಅನುಮೋದಿತ ಕ್ರಮದ ಉಲ್ಲಂಘನೆ ಮತ್ತು ಅಧ್ಯಯನದ ಪರೀಕ್ಷೆಗಳಿಂದಾದ ಹಾನಿಗಳೂ ಇದರಲ್ಲಿ ಸೇರಿವೆ.

ಕಾಲಮಿತಿ: ಗಂಭೀರ ಘಟನೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಾಯೋಜಕರ ವಿಶ್ಲೇಷಣಾ ವರದಿಗೆ 14 ದಿನ, ನೈತಿಕ ಸಮಿತಿಯ ವರದಿಗೆ 30 ದಿನ ನಿಗದಿಯಾಗಿದೆ. ಕೇಂದ್ರ ಪ್ರಾಧಿಕಾರವು 90 ದಿನದೊಳಗೆ ಆದೇಶ ಹೊರಡಿಸಬೇಕು. ಆದೇಶ ತಲುಪಿದ 30 ದಿನದೊಳಗೆ ಪ್ರಾಯೋಜಕರು ಹಣ ಪಾವತಿಸಬೇಕು.

ಪರಿಹಾರದ ಲೆಕ್ಕ: ಮರಣದ ಪ್ರಕರಣದಲ್ಲಿ 8 ಲಕ್ಷ ರೂಪಾಯಿಗಳ ಮೂಲ ಮೊತ್ತವನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸಲಾಗುತ್ತದೆ. 16 ವರ್ಷ ಮೀರದವರಿಗೆ ವಯಸ್ಸಿನ ಅಂಶ 228.54. ಅಪಾಯದ ಅಂಶವು ಮಗುವಿನ ಪೂರ್ವಸ್ಥಿತಿಯನ್ನು ಅವಲಂಬಿಸಿ 0.5ರಿಂದ 4ರವರೆಗೆ ಇರುತ್ತದೆ. ಲಸಿಕೆಯ ಪ್ರಯೋಗಕ್ಕೆ ಸೇರಿದ ಆರೋಗ್ಯವಂತ ಮಗುವಿಗೆ ಇದು 4 ಆಗಿದ್ದು, ಮೊತ್ತವು ಸುಮಾರು 73.6 ಲಕ್ಷ ರೂಪಾಯಿಗಳಾಗುತ್ತದೆ. ಆರು ತಿಂಗಳು ಮೀರಿ ಬದುಕುವ ನಿರೀಕ್ಷೆಯಿಲ್ಲದ ಮಗುವಿಗೆ ಇದು 0.5 ಆಗಿದ್ದು, ಮೊತ್ತವು ಸುಮಾರು 9.2 ಲಕ್ಷ ರೂಪಾಯಿಗಳಾಗುತ್ತದೆ. 30 ದಿನದೊಳಗೆ ಮರಣದ ಸಂಭವ ಶೇಕಡ 90 ಅಥವಾ ಹೆಚ್ಚಿರುವ ಪ್ರಕರಣಗಳಲ್ಲಿ 2 ಲಕ್ಷ ರೂಪಾಯಿಗಳ ನಿಗದಿತ ಮೊತ್ತವಿದೆ. ಶೇಕಡ 100ರ ಶಾಶ್ವತ ಅಂಗವೈಕಲ್ಯಕ್ಕೆ ಮರಣ ಪರಿಹಾರದ ಶೇಕಡ 90ರಷ್ಟು ದೊರೆಯುತ್ತದೆ.

ಮಗುವನ್ನು ಕಳೆದುಕೊಂಡವರಿಗೆ ಯಾವ ಮೊತ್ತವೂ ಸಮನಾಗದು. ಆದರೂ ಹಕ್ಕಿನ ವಿವರ ಮೊದಲೇ ತಿಳಿದಿದ್ದಲ್ಲಿ ಕಷ್ಟಕಾಲದಲ್ಲಿ ಅಲೆದಾಟ ತಪ್ಪುತ್ತದೆ. ಒಪ್ಪಿಗೆ ಪತ್ರದಲ್ಲಿ ಉದ್ಯೋಗ, ವಾರ್ಷಿಕ ಆದಾಯ ಮತ್ತು ನಾಮನಿರ್ದೇಶಿತರ ಹೆಸರನ್ನು ನಮೂದಿಸುವ ಅಂಕಣಗಳಿರುತ್ತವೆ. ಇವು ಅರ್ಹತೆಯ ಪರೀಕ್ಷೆಗಾಗಿ ಇರುವುದಲ್ಲ. ನಾಮನಿರ್ದೇಶಿತರ ಅಂಕಣವು ಪರಿಹಾರದ ಪಾವತಿಗೆ ಸಂಬಂಧಿಸಿದ್ದಾಗಿದ್ದು, ಅದನ್ನು ಖಾಲಿ ಬಿಡಬಾರದು.

10. ಅಧ್ಯಯನದಿಂದ ಹಿಂದೆ ಸರಿಯುವ ಹಕ್ಕು

ಒಪ್ಪಿಗೆಯು ಒಮ್ಮೆ ನೀಡಿ ಮುಗಿಯುವ ಕರಾರಲ್ಲ. ಪೋಷಕರು ಯಾವುದೇ ಹಂತದಲ್ಲಿ, ಕಾರಣ ನೀಡದೆಯೂ ಮಗುವನ್ನು ಅಧ್ಯಯನದಿಂದ ಹಿಂಪಡೆಯಬಹುದು. ಇದಕ್ಕಾಗಿ ದಂಡ ವಿಧಿಸುವಂತಿಲ್ಲ, ಮಗುವಿಗೆ ದೊರೆಯಬೇಕಾದ ಚಿಕಿತ್ಸೆಯನ್ನು ತಡೆಯುವಂತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಯೋಜನೆಗಳ ಸೌಲಭ್ಯಕ್ಕೂ ಅಧ್ಯಯನಕ್ಕೆ ಸೇರುವುದಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಕೆಲವು ಔಷಧಗಳನ್ನು ಹಠಾತ್ತನೆ ನಿಲ್ಲಿಸುವುದರಿಂದ ಅಪಾಯವಾಗಬಹುದಾದ್ದರಿಂದ, ಹಿಂದೆ ಸರಿಯುವಾಗ ವೈದ್ಯರಿಗೆ ತಿಳಿಸಿ ಕ್ರಮವಾಗಿ ನಿಲ್ಲಿಸುವುದು ಮಗುವಿನ ಹಿತದೃಷ್ಟಿಯಿಂದ ಒಳ್ಳೆಯದು.

11. ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

(1) ಇದು ವಾಡಿಕೆಯ ಚಿಕಿತ್ಸೆಯೇ ಅಥವಾ ಅಧ್ಯಯನವೇ?
(2) ಸೇರದಿದ್ದಲ್ಲಿ ಮಗುವಿಗೆ ಯಾವ ಚಿಕಿತ್ಸೆ ದೊರೆಯುತ್ತದೆ?
(3) ಈ ಔಷಧವನ್ನು ಈ ಮೊದಲು ವಯಸ್ಕರಲ್ಲಿ ಮತ್ತು ಮಕ್ಕಳಲ್ಲಿ ಪರೀಕ್ಷಿಸಲಾಗಿದೆಯೇ? ಏನು ಕಂಡುಬಂದಿದೆ?
(4) ಪ್ಲಸೀಬೊ ಗುಂಪು ಇದೆಯೇ?
(5) ಎಷ್ಟು ಬಾರಿ ಬರಬೇಕು, ಎಷ್ಟು ಬಾರಿ ರಕ್ತ ತೆಗೆಯಲಾಗುತ್ತದೆ, ಪ್ರಯಾಣದ ಖರ್ಚು ಯಾರದು?
(6) ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಎಷ್ಟು?
(7) ರಾತ್ರಿ ವೇಳೆ ಮಗುವಿಗೆ ತೊಂದರೆಯಾದಲ್ಲಿ ಯಾರನ್ನು ಸಂಪರ್ಕಿಸಬೇಕು?
(8) ಔಷಧದಿಂದ ಗುಣವಾದಲ್ಲಿ, ಅಧ್ಯಯನ ಮುಗಿದ ನಂತರವೂ ಅದು ದೊರೆಯುವುದೇ?

ಈ ಪ್ರಶ್ನೆಗಳನ್ನು ಕೇಳುವುದು ವೈದ್ಯರ ಮೇಲಿನ ಅವಿಶ್ವಾಸದ ಸೂಚನೆಯಲ್ಲ. ಉತ್ತರಿಸುವುದು ಸಂಶೋಧಕರ ಕರ್ತವ್ಯದ ಭಾಗವೇ ಆಗಿದೆ.

12. ದೂರುಗಳು

ಒಪ್ಪಿಗೆ ಪಡೆಯದೆ ಮಗುವನ್ನು ಸೇರಿಸಿಕೊಂಡಲ್ಲಿ, ಹಣ ಕೇಳಿದಲ್ಲಿ, ಪ್ರತಿಗಳನ್ನು ನೀಡದಿದ್ದಲ್ಲಿ ಅಥವಾ ಹಾನಿಯಾದಾಗ ಚಿಕಿತ್ಸೆ ನಿರಾಕರಿಸಿದಲ್ಲಿ ಪೋಷಕರು ಮೊದಲು ಮಾಹಿತಿ ಪತ್ರದಲ್ಲಿ ನಮೂದಿಸಿರುವ ನೈತಿಕ ಸಮಿತಿಗೆ ಲಿಖಿತ ದೂರು ಸಲ್ಲಿಸಬಹುದು. ಹೊಸ ಔಷಧದ ಪ್ರಯೋಗಗಳಿಗೆ ಸಂಬಂಧಿಸಿದಂತೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೂ ದೂರು ನೀಡಬಹುದು. ಈ ಸಂಸ್ಥೆಯು ಬೆಂಗಳೂರಿನಲ್ಲಿಯೂ ಕಚೇರಿಯನ್ನು ಹೊಂದಿದೆ. ಇತರ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಳು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಹೊಂದಿರುತ್ತವೆ. ದೂರಿನೊಂದಿಗೆ ಒಪ್ಪಿಗೆ ಪತ್ರದ ಪ್ರತಿ, ನೋಂದಣಿ ಸಂಖ್ಯೆ ಮತ್ತು ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಲಗತ್ತಿಸುವುದು. ಆದಕಾರಣ ಈ ಕಾಗದಗಳನ್ನು ಮಗುವಿನ ಜನನ ಪ್ರಮಾಣಪತ್ರದಷ್ಟೇ ಜಾಗರೂಕತೆಯಿಂದ ಕಾಪಾಡಿಕೊಳ್ಳತಕ್ಕದ್ದು.

13. ಸಾರಾಂಶ

ಮಕ್ಕಳ ಅಧ್ಯಯನಗಳು ಸಮಾಜಕ್ಕೆ ಅವಶ್ಯಕ. ಆದರೆ ನಿರ್ದಿಷ್ಟ ಮಗುವೊಂದನ್ನು ಅಧ್ಯಯನಕ್ಕೆ ಸೇರಿಸಲೇಬೇಕೆಂಬ ಬಾಧ್ಯತೆ ಯಾವ ಪೋಷಕರಿಗೂ ಇರುವುದಿಲ್ಲ. ಸೇರಿಸುವುದೂ ಬಿಡುವುದೂ ಅವರ ಸ್ವಂತ ತೀರ್ಮಾನ. ಅರ್ಥವಾಗದ ಕಾಗದವನ್ನು ಇನ್ನೊಮ್ಮೆ ಓದಿಸಿ ಕೇಳುವ, ಒಂದು ದಿನದ ಕಾಲಾವಕಾಶ ಕೋರುವ, ಬೇಡವೆನ್ನುವ ಹಕ್ಕು ಅವರಿಗೆ ಇದ್ದೇ ಇದೆ. ಆ ಹಕ್ಕನ್ನು ಸಹಿ ಮಾಡುವ ಮುನ್ನ ಬಳಸಿಕೊಳ್ಳಬೇಕೆಂದು ಪೋಷಕರಲ್ಲಿ ಕೋರಲಾಗಿದೆ.